ಕಂಡದ್ದೇನು?

ಆರುದಲ್‌ಪುರಂ,
ಸೆಪ್ಟೆಂಬರ್ 17, 2019

ಪ್ರೀತಿಯ ಅನ್ನಪಾಕ್ಯಂ,

ನಿನಗೂ ನಿನ್ನ ಯಜಮಾನರಿಗೂ ಮಗಳು ಬ್ಲೆಸ್ಸಿಗೂ ಕರ್ತನ ಸಮಾಧಾನವಿರಲಿ. ಜೂನ್ ತಿಂಗಳಲ್ಲಿ ಬಂದ ಪತ್ರಕ್ಕೆ ಸೆಪ್ಟೆಂಬರಿನಲ್ಲಿ ಉತ್ತರ ಬರೆಯುವವನು ನನ್ನ ತರಗತಿಯಲ್ಲಿದ್ದಿದ್ದರೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಈ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಬೆಂಚು ಹತ್ತುವುದು ಕಷ್ಟವಾದ್ದರಿಂದ ಕುಳಿತೇ ಕ್ಷಮೆ ಕೇಳುತ್ತಿದ್ದೇನೆ. ‘ಕಣ್ಣಿನ ಆಪರೇಷನ್ ಆಯ್ತು ಅಂತ ಬರೆದುಬಿಡಿ, ಪಾಪ ಅಂದ್ಕೊಳ್ತಾಳೆ’ ಎಂದು ನನ್ನ ಹೆಂಡತಿ ಸೆಲ್ವಾಬಾಯಿ ಸಲಹೆ ಕೊಟ್ಟಳು. ಆಪರೇಷನ್ ಆದದ್ದು ಮೇ ತಿಂಗಳಲ್ಲಿ. ನಿನ್ನ ಪತ್ರ ಬರುವ ಹೊತ್ತಿಗೆ ನನ್ನ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ನ್ಯಾಯಾಲಯದಲ್ಲಿ ದಿನವೆಲ್ಲ ಸಾಕ್ಷಿಗಳ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ನಿನಗೆ ಇಂಥ ನೆಪಗಳು ಹೊಸತೂ ಅಲ್ಲ.

ನಿಜವಾದ ಕಾರಣ ಬೇರೆ. ನೀನು ಕೇಳಿದ್ದು ಕಾಲು ಗಂಟೆಯ ಪಾಠ. ಅದೇ ಪಾಠ ಈ ಊರಿನಲ್ಲಿ ಮೂರು ತಿಂಗಳ ಜಗಳವಾಗಿ ಬೆಳೆದು ಮೊನ್ನೆ ಶನಿವಾರವಷ್ಟೇ ಒಂದು ನೆಲೆಗೆ ಬಂತು. ಜಗಳ ನಡೆದದ್ದು ನಿನ್ನ ಒಂದು ವಾಕ್ಯದ ಮೇಲೆ. ಆದ್ದರಿಂದ ಪಾಠವನ್ನು ಮೊದಲು ಮುಗಿಸಿ, ಜಗಳವನ್ನು ಆಮೇಲೆ ಹೇಳುತ್ತೇನೆ.

ಬ್ಲೆಸ್ಸಿಯ ಇಂಗ್ಲಿಷ್ ಪುಸ್ತಕದಲ್ಲಿ ‘ಒಳನೋಟವನ್ನು ಸೂಚಿಸುವ ಕ್ರಿಯಾವಿಶೇಷಣಗಳು’ ಎಂದು ಏಳು ಪದಗಳ ಪಟ್ಟಿ ಕೊಟ್ಟು, ಒಂದೊಂದನ್ನೂ ವಾಕ್ಯದಲ್ಲಿ ಬಳಸಿರಿ ಎಂದಿದ್ದಾರೆ. ಅವಳು ‘ಅವನು ಪರ್ಸೆಪ್ಟಿವ್ಲಿ ನಕ್ಕನು, ಅವಳು ಶ್ರೂಡ್ಲಿ ನಕ್ಕಳು, ಮುದುಕನು ಅಸ್ಟ್ಯೂಟ್ಲಿ ನಕ್ಕನು’ ಎಂದು ಎಲ್ಲರನ್ನೂ ನಗಿಸಿ ಮುಗಿಸಿದ್ದಾಳೆ ಎಂದು ಬರೆದಿದ್ದೀಯೆ. ತಪ್ಪು ಮಗುವಿನದಲ್ಲ. ಈ ಪದಗಳನ್ನು ಒಂದೇ ಮರದ ಹಣ್ಣುಗಳೆಂದು ಕಲಿಸಿದವರದು. ಅವಳಿಗೆ ಹೀಗೆ ಹೇಳು. ಶನಿವಾರದ ಸಂತೆಯಲ್ಲಿ ಒಣಮೀನನ್ನು ಮೂಗಿಗೆ ಹಿಡಿದು, ಮಾರುವವನ ಮಾತು ಮುಗಿಯುವ ಮೊದಲೇ ಕೆಳಗಿಡುವ ಹೆಂಗಸಿನದು ಶ್ರೂಡ್ಲಿ. ತನಗೆ ನಷ್ಟವೆಲ್ಲಿದೆ ಎಂದು ಅವಳು ಕಂಡಳು. ಪಡುವಣದ ಮೋಡವನ್ನು ಒಮ್ಮೆ ನೋಡಿ, ಈ ದಿನ ತಾಳೆಮರ ಹತ್ತುವುದು ಬೇಡವೆಂದು ಸೊಂಟದ ಪಟ್ಟಿ ಬಿಚ್ಚುವವನದು ಅಸ್ಟ್ಯೂಟ್ಲಿ. ಮುಂದೆ ಏನಾಗುತ್ತದೆಂದು ಅವನು ಕಂಡ. ಪರ್ಸೆಪ್ಟಿವ್ಲಿ ಎಂಬುದು ಇವೆರಡೂ ಅಲ್ಲ. ಅದರಲ್ಲಿ ನೋಡುವವನಿಗೆ ಲಾಭವಿರಬೇಕಾಗಿಲ್ಲ. ಇನ್ನೊಬ್ಬರು ಬಾಯಿ ಬಿಟ್ಟು ಹೇಳದೆ ಇರುವುದನ್ನು ಅವರ ಮುಖದಲ್ಲಿ, ಕೈಯಲ್ಲಿ, ನಡಿಗೆಯಲ್ಲಿ ಕಾಣುವುದು ಅದು. ನಾನು ಸಮಿತಿಯ ಸಭೆಯಿಂದ ಮನೆಗೆ ಬಂದಾಗ ಸೆಲ್ವಾಬಾಯಿ ಒಂದು ಮಾತೂ ಕೇಳದೆ ಮಜ್ಜಿಗೆಗೆ ಎರಡು ಚಿಟಿಕೆ ಹೆಚ್ಚು ಉಪ್ಪು ಹಾಕಿ ಕೊಡುತ್ತಾಳಲ್ಲ, ಹಾಗೆ.

ಇನ್ನು ನಮ್ಮ ನಿಯಮ ನಿನಗೆ ನೆನಪಿರಲೇಬೇಕು. ಇಂಥ ಪದವನ್ನು ಬಳಸಿದವರು ಮುಂದಿನ ವಾಕ್ಯದಲ್ಲಿ ಏನನ್ನು ಕಂಡರೆಂದು ಹೇಳಬೇಕು. ಹೇಳದಿದ್ದರೆ ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನೆ: ‘ಕಂಡದ್ದೇನು?’ ಮೂವತ್ತನಾಲ್ಕು ವರ್ಷದಲ್ಲಿ ಆ ಒಂದು ಪ್ರಶ್ನೆಗೆ ನಾನು ಖರ್ಚು ಮಾಡಿದ ಶಾಯಿಯಲ್ಲಿ ಶಾಲೆಯ ಗೋಡೆಗೆ ಬಣ್ಣ ಹಚ್ಚಬಹುದಿತ್ತು. ಹೆಚ್ಚಿನ ಮಕ್ಕಳು ಪ್ರಶ್ನೆ ನೋಡಿದ ಕೂಡಲೇ ಪದವನ್ನೇ ಹೊಡೆದುಹಾಕುತ್ತಿದ್ದರು. ಉತ್ತರ ಬರೆದವರು ಕೆಲವರೇ. ಅವರಲ್ಲಿ ನೀನೊಬ್ಬಳು.

ಈಗ ಜಗಳದ ವಿಷಯಕ್ಕೆ ಬರುತ್ತೇನೆ.

ನಮ್ಮ ಶಾಲೆಯ ಆಡಳಿತ ನೋಡಿಕೊಳ್ಳುವ ಕರೆಸ್ಪಾಂಡೆಂಟ್ ಅರುಮೈನಾಯಗಂ ಅಯ್ಯಾ ಆ ಪೀಠದಲ್ಲಿ ಕುಳಿತು ಈ ವರ್ಷಕ್ಕೆ ಐವತ್ತು ತುಂಬಿತು. ಅಸನದ ಹಬ್ಬದ ದಿನವೇ, ಊರಿಗೆ ಊರೇ ಶಾಲೆಯ ಬಯಲಿನಲ್ಲಿ ಒಟ್ಟಿಗೆ ಕುಳಿತು ಉಣ್ಣುವ ಹೊತ್ತಿಗೇ, ಅವರಿಗೆ ಸನ್ಮಾನ ಮಾಡಿ ಇಂಗ್ಲಿಷಿನಲ್ಲಿ ಒಂದು ಬಿನ್ನವತ್ತಳೆ ಓದಿ, ಗಾಜಿನ ಚೌಕಟ್ಟು ಹಾಕಿ ಕೊಡಬೇಕೆಂದು ಸಮಿತಿಯಾಯಿತು. ಈ ಸುತ್ತಮುತ್ತಲಿನ ಪಾದ್ರಿಗಳಿಗೂ ಡಾಕ್ಟರುಗಳಿಗೂ ಬಿನ್ನವತ್ತಳೆ ಬರೆದವನು ನಾನೇ. ಆದ್ದರಿಂದ ಸಮಿತಿಯ ಕಾರ್ಯದರ್ಶಿ ಜೆಯಸಿಂಗ್ ಜೂನ್ ಕೊನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದ. ನಿನಗಿಂತ ಎರಡು ವರ್ಷ ಮುಂದಿದ್ದ, ಎತ್ತರದ ಹುಡುಗ. ಈಗ ನಮ್ಮ ಶಾಲೆಗೇ ಹೆಡ್‌ಮಾಸ್ಟರ್.

‘ಸಾರ್, ನೀವು ಬರೆದ್ರೆ ಇಂಗ್ಲಿಷು ಕನ್ನಡಿ ಹೊಳೆದ ಹಾಗೆ ಹೊಳೀತದೆ. ಒಂದೇ ಒಂದು ಸಾಲು ಮಾತ್ರ ಕಮಿಟಿಯವರು ಬೇಕೇಬೇಕು ಅಂದಿದಾರೆ’ ಎಂದು ಚೀಟಿ ಮುಂದಿಟ್ಟ. ‘ಪ್ರತಿಯೊಂದು ಮಗುವಿನ ಅಂತರಂಗವನ್ನೂ ತಾವು ಪರ್ಸೆಪ್ಟಿವ್ಲಿ ಅರಿತಿರಿ’ ಎಂಬುದು ಆ ಸಾಲು.

‘ಒಳ್ಳೆಯದು. ಒಂದು ಉದಾಹರಣೆ ಕೊಡು’ ಎಂದೆ.

‘ಉದಾಹರಣೆ ಯಾತಕ್ಕೆ ಸಾರ್? ಇದು ಬಿನ್ನವತ್ತಳೆ, ಪರೀಕ್ಷೆ ಅಲ್ವಲ್ಲ.’

‘ಇಂಗ್ಲಿಷಿನಲ್ಲಿ ಮೂವತ್ತೊಂದು ಅಂಕ ಬಂದಾಗಲೂ ನೀನು ಹೀಗೇ ಏನೋ ಅಂದಿದ್ದೆ.’

‘ಅದನ್ನ ನನ್ನ ಮಗನ ಮುಂದೆ ಮಾತ್ರ ಹೇಳ್ಬೇಡಿ ಸಾರ್’ ಎಂದು ನಕ್ಕ. ಸೆಲ್ವಾಬಾಯಿ ಒಳಗಿನಿಂದಲೇ, ‘ಜೆಯಸಿಂಗ್, ಬಿಸ್ಕತ್ತು ವಾಪಸ್ ತಗೊಂಡು ಹೋಗಪ್ಪ. ಇವರಿಗೆ ಕೆಂಪು ಪೆನ್ನು ಸಿಕ್ಕಿದೆ’ ಎಂದಳು.

ನಾನು ಅನ್ಯಾಯ ಮಾಡಲಿಲ್ಲ, ಪಾಕ್ಯಂ. ಬೇಡವೆಂದು ಮೊದಲೇ ನಿರ್ಧರಿಸಿ ಕಾರಣ ಹುಡುಕಿದವನಲ್ಲ. ಅಯ್ಯಾ ತೋಡಿಸಿದ ಬಾವಿ ಈ ಕೆಂಪು ಮರಳಿನ ಸೀಮೆಯಲ್ಲಿ ಇಂದಿಗೂ ಬತ್ತಿಲ್ಲ, ಬರೆದೆ. ಪ್ರಯೋಗಶಾಲೆಗಾಗಿ ಮದ್ರಾಸಿಗೆ ಹನ್ನೊಂದು ಸಲ ಅಲೆದರು, ಬರೆದೆ. ಉದಾರವಾಗಿ, ಶ್ರದ್ಧೆಯಿಂದ, ದಣಿವಿಲ್ಲದೆ ಎಂಬ ಪದಗಳನ್ನೆಲ್ಲ ಧಾರಾಳವಾಗಿ ಕೊಟ್ಟೆ. ಅವು ಅವರಿಗೆ ಸಲ್ಲುತ್ತವೆ. ಆ ಒಂದು ಪದಕ್ಕಾಗಿ ಮಾತ್ರ ಮೂರು ವಾರ ಊರಲ್ಲಿ ಅಲೆದೆ. ಯಾವುದಾದರೂ ಮಗುವಿನಲ್ಲಿ, ಬೇರೆಯವರು ಕಾಣದ ಏನನ್ನಾದರೂ ಅಯ್ಯಾ ಕಂಡದ್ದು ಉಂಟೇ ಎಂದು ಕೇಳಿದೆ.

ಕಾವಲುಗಾರ ಹೇಳಿದ: ‘ಅಯ್ಯೋ, ಅಯ್ಯಾ ಭಾರಿ ಸೂಕ್ಷ್ಮ ಸಾರ್. ಗೇಟಿನ ಚಿಲಕ ಒಂದು ಗೆರೆ ಸಡಿಲ ಇದ್ರೂ ದೂರದಿಂದ್ಲೇ ಕಂಡುಹಿಡೀತಾರೆ.’

‘ಮಕ್ಕಳ ವಿಷಯ ಕೇಳಿದೆ.’

‘ಮಕ್ಕಳಿಗೆ ಚಿಲಕ ಇರಲ್ವಲ್ಲ ಸಾರ್.’

ನಿವೃತ್ತ ತಮಿಳು ಪಂಡಿತರು ತಮ್ಮ ಅಂಗಳದಲ್ಲಿ ಬಿಸಿಲು ಕಾಯಿಸುತ್ತ, ‘ಹದಿನೈದು ವರ್ಷ ನನ್ನ ಹೆಸರನ್ನೇ ತಪ್ಪು ಕರೆದ್ರು. ಮಕ್ಕಳ ಅಂತರಂಗ ಬೇರೆ ಕಂಡ್ರಾ? ಬರ್ಕೊಳ್ಳಿ, ಬರ್ಕೊಳ್ಳಿ’ ಎಂದರು.

ಕೊನೆಗೆ ಶಾಲೆಯ ಬಿಸಿಯೂಟದ ಅಡುಗೆಮನೆಗೆ ಹೋದೆ. ಮುಂದಿನ ಹೆಸರು ನಿನಗೆ ಇಷ್ಟವಾಗದೆಂದು ಬಲ್ಲೆ. ಇಪ್ಪತ್ತಮೂರು ವರ್ಷದ ನಿನ್ನ ಪತ್ರಗಳಲ್ಲಿ ಆ ಹೆಸರು ಒಮ್ಮೆಯೂ ಬಂದಿಲ್ಲ. ಆದರೂ ತಾಳಿಕೋ. ನಿನ್ನ ಜೊತೆ ಹಾಸ್ಟೆಲಿನಲ್ಲಿ ಒಂದೇ ಚಾಪೆಯಲ್ಲಿ ಮಲಗುತ್ತಿದ್ದ ಕಿರುಬೈ ಆರು ವರ್ಷದಿಂದ ಅಲ್ಲಿ ಅಡುಗೆ ಮಾಡುತ್ತಾಳೆ. ಸಾಂಬಾರು ತಿರುವುತ್ತಿದ್ದವಳು ನನ್ನ ಪ್ರಶ್ನೆ ಕೇಳಿ ಕೈ ನಿಲ್ಲಿಸಲಿಲ್ಲ.

‘ಅಯ್ಯಾ ಏನು ಕಂಡ್ರು ಅಂತ ಪಾಕ್ಯಂ ಬರೆದಿದ್ಳಲ್ಲ ಸಾರ್. ನೀವೇ ಟಿಕ್ ಹಾಕಿದ್ರಿ. ಇನ್ನೇನು ಹುಡುಕ್ತಾ ಇದೀರಿ?’

ಅವಳು ಇನ್ನೂ ಒಂದು ಮಾತು ಹೇಳಿದಳು. ಅದನ್ನು ಇಲ್ಲಿ ಬರೆಯಲಾರೆ.

ನಾನು ಮನೆಗೆ ಬಂದು ಕುಳಿತೆ. ನಿನ್ನ ಆ ವಾಕ್ಯಗಳನ್ನು ಮರೆತಿದ್ದೆನೆಂದಲ್ಲ. ಅವುಗಳಿಂದ ದೂರ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದೆ. 1996ರ ಹಬ್ಬದ ಮರುವಾರ ಹತ್ತನೆಯ ತರಗತಿಗೆ ನಾನು ಇದೇ ಅಭ್ಯಾಸ ಕೊಟ್ಟಿದ್ದೆ. ‘ಅಸನದ ಪಂಕ್ತಿಯಲ್ಲಿ ನಮ್ಮ ಕರೆಸ್ಪಾಂಡೆಂಟ್ ಅಯ್ಯಾ ಪರ್ಸೆಪ್ಟಿವ್ಲಿ ಬಡಿಸುತ್ತಾರೆ’ ಎಂದು ನೀನು ಬರೆದೆ. ಅಂಚಿನಲ್ಲಿ ನಾನು ಪ್ರಶ್ನೆ ಹಾಕಿದೆ. ಮಾರನೆಯ ದಿನ ನೀನು ಕೆಳಗೆ ಬರೆದ ಉತ್ತರ ಇದು: ‘ಕೊನೆಯ ಸಾಲಿನಲ್ಲಿ ಯಾರು ಕುಳಿತಿದ್ದಾರೆಂದು ಅವರು ಕಂಡರು. ಅಲ್ಲಿಗೆ ಬಂದಾಗ ಅವರ ಕೈ ನೋಯತೊಡಗಿತು.’

ಹದಿನೈದು ವರ್ಷದ ಹುಡುಗಿ ಬರೆದ ಇಂಗ್ಲಿಷ್. ತಿದ್ದಲು ಒಂದು ಅಲ್ಪವಿರಾಮವೂ ಸಿಗಲಿಲ್ಲ. ಪ್ರತಿಯೊಬ್ಬರ ಎಲೆಗೂ ಮೊದಲ ಸೌಟು ಅನ್ನವನ್ನು ಕರೆಸ್ಪಾಂಡೆಂಟರೇ ಹಾಕಬೇಕೆಂಬುದು ನಮ್ಮ ಹಬ್ಬದ ಕಟ್ಟಳೆ. ಕ್ರಿಸ್ತನ ಮುಂದೆ ಎಲ್ಲರೂ ಒಂದೇ ಎಂಬುದಕ್ಕೆ ಅದು ಗುರುತೆಂದು ಪ್ರತಿ ವರ್ಷ ಬೋಧನೆಯೂ ಆಗುತ್ತದೆ. ಹುಣಿಸೆಮರದ ಹತ್ತಿರ, ಊರಾಚೆಯ ಕಾಲೊನಿಯ ಹಾಸ್ಟೆಲ್ ಮಕ್ಕಳ ಸಾಲು ಶುರುವಾಗುವಲ್ಲಿ, ಅಯ್ಯಾ ‘ಕೈ ಹಿಡ್ಕೊಂಡಿತು’ ಎಂದು ಸೌಟನ್ನು ಬೇರೆಯವರಿಗೆ ಕೊಟ್ಟು ತಿರುಗುತ್ತಿದ್ದರು. ಪ್ರತಿ ವರ್ಷವೂ. ಅಯ್ಯಾನವರ ಬೀದಿಯಲ್ಲೇ ಹುಟ್ಟಿ, ಮೊದಲ ಸಾಲಿನಲ್ಲಿ ಕುಳಿತು, ಮೊದಲ ಬಿಸಿ ಅನ್ನ ಉಂಡು ಬೆಳೆದ ನನಗೆ ಅದು ಕಂಡಿರಲಿಲ್ಲ. ಆ ವಾಕ್ಯಕ್ಕಾಗಿ ಮೂರೇ ದಿನದಲ್ಲಿ ನಿನ್ನ ಕೈಗೆ ಶಾಲೆ ಬಿಟ್ಟು ಹೋಗೆಂಬ ವರ್ಗಾವಣೆ ಪತ್ರ ಬಂತು. ತೂತ್ತುಕುಡಿಯ ಶಾಲೆಯೊಂದಕ್ಕೆ ನಾನು ಶಿಫಾರಸು ಬರೆದುಕೊಟ್ಟೆ; ಅಷ್ಟಕ್ಕೇ ನೀನು ವರ್ಷ ವರ್ಷವೂ ಹೊಸ ವರ್ಷದ ಕಾರ್ಡಿನಲ್ಲಿ ‘ಆ ಶಾಲೆಯಲ್ಲಿ ನನಗಿದ್ದವರು ನೀವೊಬ್ಬರೇ ಸಾರ್’ ಎಂದು ಬರೆಯುತ್ತ ಬಂದಿದ್ದೀಯೆ. ಆ ಕಾರ್ಡುಗಳೆಲ್ಲ ನನ್ನ ನಿಘಂಟಿನೊಳಗಿವೆ.

ಆ ಸಂಜೆ ಬಿನ್ನವತ್ತಳೆ ಮುಗಿಸಿದೆ. ಬಾವಿ, ಪ್ರಯೋಗಶಾಲೆ, ಎಲ್ಲವನ್ನೂ ಹೊಗಳಿದ ಮೇಲೆ ಕೊನೆಯ ಪರಿಚ್ಛೇದದಲ್ಲಿ ಹೀಗೆ ಬರೆದೆ: ‘ತಾವು ಬಯಸಿದ ಕ್ರಿಯಾವಿಶೇಷಣವನ್ನು ಈ ಶಾಲೆಯಲ್ಲಿ ಒಬ್ಬಳೇ ವಿದ್ಯಾರ್ಥಿನಿ ತಮ್ಮ ಬಗ್ಗೆ ಸರಿಯಾಗಿ ಬಳಸಿದ್ದಾಳೆ.’ ಅದರ ಕೆಳಗೆ ನಿನ್ನ ವಾಕ್ಯಗಳನ್ನೂ ನಿನ್ನ ಹೆಸರನ್ನೂ ಇಟ್ಟೆ. ನಿನ್ನನ್ನು ಕೇಳದೆ ಇಟ್ಟದ್ದು ತಪ್ಪು.

ಜೆಯಸಿಂಗ್ ಓದಿ, ಬಿಸಿಲಿನಲ್ಲಿ ನಿಂತ ಹಾಗೆ ಬೆವತ. ‘ಸಾರ್, ಇದನ್ನ ಗಾಜು ಹಾಕಿ ಕೊಡೋಕಾಗತ್ತಾ?’

‘ಗಾಜಿನ ಖರ್ಚು ನಾನೇ ಕೊಡ್ತೀನಿ.’

‘ಹಳೇ ಕಥೆ ಸಾರ್. ಆ ಹುಡುಗೀನೂ ಎಲ್ಲೋ ಚೆನ್ನಾಗಿದಾಳಂತೆ. ಯಾರಿಗೆ ಉಪಯೋಗ?’

‘ವಾಕ್ಯ ತಪ್ಪಿದ್ರೆ ತೋರ್ಸು. ಇವತ್ತೇ ಹೊಡೆದು ಹಾಕ್ತೀನಿ.’

ಅವನು ಕಾಗದ ಮಡಚಿಕೊಂಡು ಹೋದ. ಒಂದು ತಿಂಗಳು ಒಬ್ಬೊಬ್ಬರಾಗಿ ಬಂದು ಹೋದರು. ಪಾದ್ರಿ ಸೌಮ್ಯವಾಗಿ, ನನ್ನ ತಮ್ಮ ಜೋರಾಗಿ, ಅಯ್ಯಾನವರ ಸೊಸೆ ಕಣ್ಣೊರೆಸಿಕೊಂಡು ಹೇಳಿದ್ದು ಒಂದೇ ಮಾತು: ಅದೊಂದು ಪದಕ್ಕೆ ಇಷ್ಟು ಹಟವೇ? ಅದೊಂದು ಪದವೇ ಆದರೆ ನಿಮಗೂ ಏಕೆ ಅದೇ ಬೇಕು ಎಂದು ನಾನು ಕೇಳಿದೆ. ಕೊನೆಗೆ ಕಾಲೇಜಿನವರೊಬ್ಬರಿಂದ ಬೇರೆ ಬಿನ್ನವತ್ತಳೆ ಬರೆಸಿದರು.

ಮೊನ್ನೆ ಶನಿವಾರ ಹಬ್ಬ. ಆ ಬಿನ್ನವತ್ತಳೆಯಲ್ಲಿ ಒಳನೋಟದ ಕ್ರಿಯಾವಿಶೇಷಣಗಳು ಹನ್ನೊಂದು ಇದ್ದವು. ಒಂದಕ್ಕಾದರೂ ಮುಂದಿನ ವಾಕ್ಯ ಇರಲಿಲ್ಲ. ಚಪ್ಪಾಳೆಯಾಯಿತು. ಆಡಿನ ಮಾಂಸಕ್ಕೆ ಬದನೆಕಾಯಿ ಹಾಕಿ ಕುದಿಸಿದ ಸಾರಿನ ಪರಿಮಳ ಬಯಲನ್ನೆಲ್ಲ ತುಂಬಿತು. ಜನ ಸಾಲು ಹಿಡಿದು ಕೂರತೊಡಗಿದರು. ನಾನು ಮೊದಲ ಸಾಲನ್ನು ದಾಟಿ ನಡೆದೆ.

‘ಎಲ್ಲಿಗೆ?’ ಎಂದಳು ಸೆಲ್ವಾಬಾಯಿ.

‘ಹುಣಿಸೆಮರದಾಚೆ, ಬಾವಿಯ ಹತ್ತಿರ.’

‘ಅಲ್ಲಿ ಬಿಸಿಲು.’

‘ಗೊತ್ತು.’

ಅವಳು ಸೆರಗನ್ನು ತಲೆಯ ಮೇಲೆಳೆದುಕೊಂಡು ಹಿಂದೆ ಬಂದಳು. ಹಾಸ್ಟೆಲ್ ಸಾಲಿನ ನಡುವೆ ಕುಳಿತೆವು. ಪಕ್ಕದಲ್ಲಿದ್ದ, ಎಂಟೊಂಬತ್ತು ವರ್ಷದ ಎರಡು ಜಡೆಯ ಹುಡುಗಿ ನನ್ನನ್ನು ನೋಡಿ, ‘ತಾತಾ, ಇದು ಹಾಸ್ಟೆಲ್ ಸಾಲು. ನಿಮ್ದು ಅಲ್ಲಿ’ ಎಂದು ಕೈ ತೋರಿಸಿದಳು.

‘ಹಾಗಂತ ಯಾರು ಹೇಳಿದ್ದು?’

‘ಯಾರೂ ಹೇಳಲ್ಲ. ಅದು ಹಾಗೇ.’

ಅಯ್ಯಾನವರಿಗೆ ಎಂಬತ್ತೊಂದು. ಸಾಲುಸಾಲಾಗಿ ಸೌಟು ಹಾಕುತ್ತ ಬಂದರು. ಹುಣಿಸೆಮರದ ಹತ್ತಿರ ನಿಂತರು. ‘ಜೆಯಸಿಂಗ್, ಕೈ ಹಿಡ್ಕೊಂಡಿತು. ನೀನು ಹಾಕಪ್ಪ’ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಜೆಯಸಿಂಗ್ ಸೌಟು ಹಿಡಿದು ನನ್ನ ಮುಂದೆ ಬಂದಾಗ ನಾನು ಎಲೆಯ ಮೇಲೆ ಅಂಗೈ ಮುಚ್ಚಿದೆ.

‘ಸಾರ್, ಕೈ ತೆಗೀರಿ. ಅನ್ನ ಆರ್ತದೆ.’

‘ಮೊದಲ ಸೌಟು ಅಯ್ಯಾನದು. ಕಾಯ್ತೀವಿ.’

ಎರಡು ಜಡೆಯ ಹುಡುಗಿ ನನ್ನ ಕೈ ನೋಡಿ ತನ್ನ ಎಲೆಯನ್ನೂ ಮುಚ್ಚಿದಳು. ಅವಳನ್ನು ನೋಡಿ ಅವಳ ಪಕ್ಕದವಳು. ನಲವತ್ತು ಪುಟ್ಟ ಕೈಗಳು ಒಂದೊಂದಾಗಿ ಎಲೆಯ ಮೇಲೆ ಬಿದ್ದವು. ನಾನು ಕಲಿಸಲಿಲ್ಲ, ಅವರೇ ಕಲಿತರು. ಕೊನೆಯ ಎಲೆಗೆ ಅನ್ನ ಬೀಳುವ ತನಕ ಪಾದ್ರಿ ಪ್ರಾರ್ಥನೆ ಎತ್ತುವಂತಿಲ್ಲ. ಪ್ರಾರ್ಥನೆಯಾಗದೆ ಈ ಊರಿನಲ್ಲಿ ಯಾರೂ ಅನ್ನಕ್ಕೆ ಕೈಯಿಡುವಂತಿಲ್ಲ. ಒಂಬೈನೂರು ಜನ ಬಿಸಿ ಸಾರಿನ ಮುಂದೆ ಕೈ ಕಟ್ಟಿಕೊಂಡು ಕುಳಿತರು. ಸಾಲಿನಿಂದ ಸಾಲಿಗೆ ಪಿಸುಮಾತು ಓಡಿತು.

‘ಏನಾಯ್ತಂತೆ ಕೊನೇಲಿ? ಮಾಂಸ ಸಾಲ್ಲಿಲ್ವಾ?’

‘ಇಂಗ್ಲಿಷ್ ವಾತ್ಯಾರು ಎಲೆ ಮುಚ್ಕೊಂಡು ಕೂತಿದಾರೆ.’

‘ಅವರಿಗೆ ಅನ್ನದಲ್ಲೂ ತಪ್ಪು ಸಿಕ್ತಾ?’

‘ಅಯ್ಯಾನೇ ಬಡಿಸ್ಬೇಕಂತೆ.’

‘ಬಡಿಸ್ಲಿ ಬಿಡಿ ಅತ್ಲಾಗೆ. ಹಸಿವು ಕಣ್ರೀ.’

ಈ ಕೊನೆಯ ಮಾತು ನಾಲ್ಕಾರು ಕಡೆಯಿಂದ ಕೇಳಿಬಂತು. ನೀತಿಯ ಪಕ್ಷಕ್ಕೆ ಬಾರದವರನ್ನು ಹಸಿವು ತಂದು ನಿಲ್ಲಿಸಿತು. ಅಯ್ಯಾ ಕೋಲೂರಿಕೊಂಡು ಬಂದು ನನ್ನೆದುರು ನಿಂತರು.

‘ಸತ್ಯನೇಸಾ, ನನ್ನ ಕೈ ನೋಯೋದು ಸುಳ್ಳು ಅಂತೀಯಾ?’

‘ಇಲ್ಲ ಅಯ್ಯಾ. ನೋವು ನಿಜ ಇರ್ಬೋದು. ಐವತ್ತು ವರ್ಷದಿಂದ ಅದು ಇದೇ ಮರದ ಹತ್ರ ಶುರುವಾಗ್ತದಲ್ಲ, ಅದನ್ನ ಕೇಳ್ತಾ ಇದೀನಿ.’

ಅವರು ಜೆಯಸಿಂಗನ ಕೈಯಿಂದ ಸೌಟು ತೆಗೆದುಕೊಂಡು ನನ್ನ ಎಲೆಯ ಕಡೆಗೆ ಬಾಗಿದರು. ‘ಆ ತುದಿಯಿಂದ ಅಯ್ಯಾ’ ಎಂದೆ. ತುದಿಯಲ್ಲಿ ಒಂದನೆಯ ತರಗತಿಯ ಮಗು ಕುಳಿತಿತ್ತು. ಅವರು ಅಲ್ಲಿಗೆ ನಡೆದರು. ಏಳು ಎಲೆಗೆ ಹಾಕಿದರು. ಎಂಟನೆಯದಕ್ಕೆ ಸೌಟು ನಡುಗಿ ಅನ್ನ ಮರಳಿಗೆ ಬಿತ್ತು. ಈ ಸಲ ನೋವು ನಿಜವೇ ಆಗಿತ್ತು. ನಾನು ಏಳುವಷ್ಟರಲ್ಲಿ ಕಿರುಬೈ ಬಂದು ಅವರ ಮೊಣಕೈಯನ್ನು ಕೆಳಗಿನಿಂದ ಹಿಡಿದಳು. ಅವರು ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಹಾಗೆಯೇ ಕೊನೆಯ ಎಲೆಯವರೆಗೆ ಬಡಿಸಿದರು. ಆಮೇಲೆ ಪಾದ್ರಿ ಎಷ್ಟು ಬೇಗ ಪ್ರಾರ್ಥನೆ ಮುಗಿಸಿದರೆಂದರೆ ‘ಆಮೆನ್’ ಎಂಬುದರ ಅರ್ಧವನ್ನು ಜನ ಅನ್ನದ ಜೊತೆಗೇ ನುಂಗಿದರು.

ಇದನ್ನು ಗೆಲುವೆಂದು ನಾನು ಹೇಳುವುದಿಲ್ಲ. ಮುಂದಿನ ವರ್ಷ ಸಾಲುಗಳನ್ನು ಹೇಗೆ ಹಾಕುತ್ತಾರೋ ನೋಡಬೇಕು. ಎಲ್ಲಿ ಹಾಕಿದರೂ ಕೊನೆಯ ಸಾಲಿನಲ್ಲಿ ನನ್ನದೊಂದು ಎಲೆಯಿರುತ್ತದೆ. ಆದರೆ ಇಪ್ಪತ್ತಮೂರು ವರ್ಷ ಸುಳ್ಳೆನಿಸಿಕೊಂಡ ನಿನ್ನ ವಾಕ್ಯವನ್ನು ಮೊನ್ನೆ ಒಂಬೈನೂರು ಜನ ಕಣ್ಣಾರೆ ಓದಿದರು. ಅದು ನಿನಗೆ ತಿಳಿಯಬೇಕು.

ನಿನ್ನೆ ಸಮಿತಿಯಿಂದ ಪತ್ರ ಬಂತು. ಹಬ್ಬದ ಶಿಸ್ತನ್ನು ಕೆಡಿಸಿದ್ದಕ್ಕೆ ನಾನು ಲಿಖಿತ ಕ್ಷಮೆ ಕೇಳಬೇಕಂತೆ. ಇಲ್ಲವಾದರೆ ಶಾಲೆಯ ಗ್ರಂಥಾಲಯಕ್ಕೆ ಪ್ರವೇಶವಿಲ್ಲವಂತೆ. ಒಂದು ಪುಟದ ಇಂಗ್ಲಿಷಿನಲ್ಲಿ ತಪ್ಪುಗಳು ಮೂರು. ಮೂರನ್ನೂ ಕೆಂಪು ಶಾಯಿಯಲ್ಲಿ ತಿದ್ದಿದೆ. ‘ಶಿಸ್ತು ಕೆಟ್ಟಿತು’ ಎಂಬಲ್ಲಿ ಅಂಚಿನಲ್ಲಿ ‘ಕಂಡದ್ದೇನು?’ ಎಂದು ಬರೆದು ಹಿಂದಿರುಗಿಸಿದೆ. ಕ್ಷಮೆ ಕೇಳುವುದಿಲ್ಲ. ಆ ಗ್ರಂಥಾಲಯದ ಪುಸ್ತಕಗಳಲ್ಲಿ ಅರ್ಧ ನಾನು ಓದಿ ಮುಗಿಸಿದವು. ಉಳಿದರ್ಧ ಓದಲು ಯೋಗ್ಯವಲ್ಲ.

ಬ್ಲೆಸ್ಸಿಗೆ ನನ್ನ ಆಶೀರ್ವಾದ ತಿಳಿಸು. ಏಳು ವಾಕ್ಯ ಬೇಡ, ಒಂದೇ ಸಾಕು. ಆದರೆ ಎರಡನೆಯ ವಾಕ್ಯವನ್ನು ಬಿಡದಿರಲಿ. ಅವಳ ಕಣ್ಣಿಗೂ ನಿನ್ನ ಕಣ್ಣಿನ ಬೆಳಕೇ ಬರಲಿ. ಬೆಲೆ ಮಾತ್ರ ನಿನ್ನಷ್ಟು ತೆರಬೇಕಾಗದಿರಲಿ. ಕರ್ತನು ನಿಮ್ಮ ಮನೆಯ ಹೊಸ್ತಿಲನ್ನು ಕಾಯಲಿ.

ನಿನ್ನ ಹಳೆಯ ಮೇಷ್ಟ್ರು,
ಯೇ. ಸತ್ಯನೇಸನ್

ಮರೆತ ಮಾತು: ಮರೆತದ್ದಲ್ಲ. ಈ ಪತ್ರವನ್ನು ಲಕೋಟೆಗೆ ಹಾಕುವ ಮುನ್ನ ಸೆಲ್ವಾಬಾಯಿ ಓದಿದಳು. ನನ್ನದೇ ಕೆಂಪು ಪೆನ್ನಿನಿಂದ ‘ಅದನ್ನು ಇಲ್ಲಿ ಬರೆಯಲಾರೆ’ ಎಂಬ ಸಾಲಿನ ಕೆಳಗೆ ಗೆರೆಯೆಳೆದು, ಅಂಚಿನಲ್ಲಿ ‘ಕಂಡದ್ದೇನು?’ ಎಂದು ಬರೆದಿಟ್ಟು ಹೊರಗೆ ಹೋದಳು. ಆದ್ದರಿಂದ ಬರೆಯುತ್ತೇನೆ.

ನಿನ್ನ ನೋಟ್‌ಪುಸ್ತಕ ಅಯ್ಯಾನವರಿಗೆ ತಲುಪಿದ್ದು ಕಿರುಬೈಯಿಂದಲ್ಲ. ಪುಸ್ತಕಗಳಿದ್ದ ಬೀರುವಿನ ಬೀಗದ ಕೈ ತರಗತಿಯ ನಾಯಕಿಯಾಗಿದ್ದ ಅವಳ ಬಳಿ ಇತ್ತು. ಅದಕ್ಕೇ ಎಲ್ಲರೂ ಅವಳೇ ಎಂದರು, ನೀನೂ ನಂಬಿದೆ. ಆ ಗುರುವಾರ ಮಧ್ಯಾಹ್ನ ಅವಳಿಂದ ಬೀಗದ ಕೈ ಕೇಳಿ ಪಡೆದು, ಪುಸ್ತಕ ತೆಗೆದು, ಶಿಕ್ಷಕರ ಕೋಣೆಯಲ್ಲಿ ನಿನ್ನ ವಾಕ್ಯಗಳನ್ನು ಗಟ್ಟಿಯಾಗಿ ಓದಿದವನು ನಾನು. ನನ್ನ ನಿಯಮದ ಫಲ ನೋಡಿ ಎಂದು ಮೆರೆಯುವುದಕ್ಕಾಗಿ ಓದಿದೆ. ಅಲ್ಲೇ ಕುಳಿತು ಕೇಳುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಅಯ್ಯಾನವರ ತಂಗಿಯ ಮಗನೆಂಬುದು ನೆನಪಾಗುವಷ್ಟರಲ್ಲಿ ಪುಸ್ತಕ ಅಯ್ಯಾನವರ ಕೈ ಸೇರಿತ್ತು. ಆಮೇಲೆ ನಾನು ಸುಮ್ಮನಿದ್ದೆ. ನಿನ್ನ ಟ್ರಂಕನ್ನು ಬಸ್ಸಿನವರೆಗೆ ಹೊತ್ತು ಬಂದ ಕಿರುಬೈಯ ಮುಖವನ್ನು ನೀನು ನೋಡದೆ ಹತ್ತಿದ್ದನ್ನು, ಶಿಫಾರಸು ಪತ್ರ ಕೊಡಲು ಬಂದಿದ್ದ ನಾನು ಅಲ್ಲೇ ನಿಂತು ನೋಡಿದೆ.

ಅವಳು ಅಡುಗೆಮನೆಯಲ್ಲಿ ಹೇಳಿದ ಇನ್ನೊಂದು ಮಾತು ಇದು: ‘ನೀವು ಓದ್ತಾ ಇದ್ದಾಗ ನಾನು ನೀರಿನ ಕೊಡ ತಗೊಂಡು ಬಾಗಿಲಲ್ಲೇ ನಿಂತಿದ್ದೆ ಸಾರ್.’

ಯಾಕಮ್ಮಾ ಹೇಳಲಿಲ್ಲ ಎಂದು ಕೇಳಿದೆ. ಆಗ ಮಾತ್ರ ಅವಳ ಕೈ ನಿಂತಿತು.

‘ಹೇಳಿದ್ರೆ ಅವಳಿಗೆ ಯಾರು ಉಳೀತಿದ್ರು ಸಾರ್? ನಂಬೋಕೆ ಒಬ್ರಾದ್ರೂ ಇರ್ಲಿ ಅಂತ ಬಿಟ್ಟೆ.’

ಬ್ಲೆಸ್ಸಿಯ ಅಭ್ಯಾಸಕ್ಕೆ ಒಂದು ವಾಕ್ಯ ಕೊಡುತ್ತಿದ್ದೇನೆ. ‘ಕಿರುಬೈ ಪರ್ಸೆಪ್ಟಿವ್ಲಿ ಸುಮ್ಮನಿದ್ದಳು. ನಿಜ ಹೇಳಿದರೆ ತನ್ನ ಗೆಳತಿಗೆ ಮೇಷ್ಟ್ರೂ ಇಲ್ಲವಾಗುತ್ತಾರೆಂದು ಅವಳು ಕಂಡಳು.’ ಇದನ್ನು ತಿದ್ದುವ ಹಕ್ಕು ನಿನ್ನದು. ನಿಘಂಟಿನೊಳಗಿನ ಇಪ್ಪತ್ತಮೂರು ಕಾರ್ಡುಗಳನ್ನು ಇದರ ಜೊತೆಗಿಟ್ಟಿದ್ದೇನೆ. ಅವು ನನಗೆ ಸಲ್ಲತಕ್ಕವಲ್ಲ. ಸಲ್ಲಬೇಕಾದವಳ ವಿಳಾಸ:

ಎಂ. ಕಿರುಬೈಮಣಿ,
ಬಾವಿ ಬೀದಿ, ಕಾಲೊನಿ,
ಆರುದಲ್‌ಪುರಂ.